ಎರಡು ತೊಲದ ಬಾಣ

1942ರ ಮಾರ್ಚ್ 9ರ ನನ್ನ ದಿನಚರಿಯಲ್ಲಿ ಎರಡು ಬಾಣಗಳ ತೂಕವಿದೆ: ಒಂದು ನಾಲ್ಕು ತೊಲ, ಇನ್ನೊಂದು ಎರಡು. ಅರಕಲಗೂಡಿನ ನಮ್ಮ ಕಬ್ಬಿಗೆ ನುಗ್ಗುತ್ತಿದ್ದ ಕಾಡುಹಂದಿಯನ್ನು ಹೊಡೆಯಲು ಬಂದಿದ್ದ ಬಿಲ್ಲುಗಾರ ನಿಂಗಯ್ಯನ ಬಾಣಗಳನ್ನು ನಾನೇ ತಕ್ಕಡಿಗೆ ಹಾಕಿದ್ದೆ.

“ಅಂದಿಗೆ ತೂಕದ್ದೇ ಬೇಕು ಅಮ್ಮಾವ್ರೆ. ಅಗುರದ್ದು ಮೊಲಕ್ಕೆ,” ಎಂದ.

“ಹಗುರವಾದದ್ದೇ ವೇಗವಾಗಿ ಹೋಗುತ್ತದೆ. ನಾನು ಕಾಲೇಜಿನಲ್ಲಿ ಓದಿದವಳು.”

“ಅಂದಿನೂ ಓದೈತಾ?” ಎಂದು ನಕ್ಕ. ನಾನು ನಗಲಿಲ್ಲ. ಗದ್ದೆ ನನ್ನದು, ಹಾಗಾಗಿ ಅವನು ಹಗುರದ್ದನ್ನೇ ತೆಗೆದುಕೊಂಡ.

ಬಾಣ ವೇಗವಾಗಿಯೇ ಹೋಯಿತು. ಹಂದಿಯ ಭುಜದ ದಪ್ಪ ತೊಗಲಿಗೆ ಬೆರಳಿನಷ್ಟು ನಾಟಿ ನಿಂತಿತು. ಹಂದಿ ತಿರುಗಿ ಅವನ ಮೇಲೆ ಬಿತ್ತು.

ಮುಂದಿನದನ್ನು ದಿನಚರಿಯಲ್ಲಿ ನಾನು ಬರೆದಿಲ್ಲ. ಇಲ್ಲಿ ಬರೆಯುತ್ತೇನೆ. ಆ ವರ್ಷದ ಕಬ್ಬನ್ನೂ ಹಂದಿಯೇ ತಿಂದಿತು. ಹಾಸನದ ಆಸ್ಪತ್ರೆಯಲ್ಲಿ ನಿಂಗಯ್ಯನ ಬಲಗೈಯನ್ನು ಮೊಣಕೈವರೆಗೆ ತೆಗೆದರು.