ಎಣ್ಣೆ ಮೆತ್ತಿದ ಮಾರಮ್ಮ

ಪಾಪಮ್ಮನ ಬಾಯಿಗೆ ಬೀಗವಿರಲಿಲ್ಲ, ಕೈಗೆ ಬಿಡುವಿರಲಿಲ್ಲ. ಕವಲಂದೆಯಿಂದ ತಿ. ನರಸೀಪುರಕ್ಕೆ ಸೊಸೆಯಾಗಿ ಬಂದ ಮೇಲೆ ಇಟ್ಟಿಗೆ ಗೂಡಿಗೆ ಮಣ್ಣು ಅಗೆಯುವುದೇ ಅವಳ ಬದುಕು. ಅಂಥ ಗಟ್ಟಿಗಿತ್ತಿಯೂ ೧೯೯೭ರ ಬೇಸಿಗೆಯಲ್ಲಿ ನಡುಗಿಹೋದಳು. ಮಣ್ಣಿನ ಗುಂಡಿಯ ಗೋಡೆ ಅವಳ ಮೇಲೆ ಕುಸಿಯಿತು. ಒಳಗೆ ಅಡ್ಡಲಾಗಿ ಹುದುಗಿದ್ದ ಕರೀ ದಿಮ್ಮಿಯೊಂದು ತಡೆದು ನಿಲ್ಲದಿದ್ದರೆ ಅವಳ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಗಂಡ ಹುಚ್ಚಯ್ಯ ಆ ದಿಮ್ಮಿಯನ್ನು ಸೌದೆ ಮಾಡಲು ಹೊರಟ. ಪಾಪಮ್ಮ ಅವನ ಕೊಡಲಿಯನ್ನೇ ಕಿತ್ತುಕೊಂಡಳು.

"ಜೀವ ಉಳಿಸ್ದೋಳ್ನ ಯಾರಾದ್ರೂ ಒಲೆಗಾಕ್ತಾರಾ?"

ದಿಮ್ಮಿ ಮನೆಯ ಮುಂದೆ ಮಾರಮ್ಮನಾಗಿ ನಿಂತಿತು. ಅರಿಸಿನ, ಕುಂಕುಮ, ಮಂಗಳವಾರ ಶುಕ್ರವಾರ ತಪ್ಪದೆ ಮೈತುಂಬ ಹರಳೆಣ್ಣೆ. ಸಾರಿನ ಒಗ್ಗರಣೆಗೂ ಅಷ್ಟು ಎಣ್ಣೆ ಬೀಳುತ್ತಿರಲಿಲ್ಲ ಬಿಡಿ.

ಕೆಲವು ವರ್ಷದ ಮೇಲೆ ಹಿಂದಿನ ಕಾಲದ ಗುರುತಿಗಾಗಿ ಹಳೆಯ ಹೊಳೆಮಣ್ಣು ಹುಡುಕುತ್ತ ಮೈಸೂರಿನಿಂದ ಸರ್ವಮಂಗಳಾ ಎಂಬ ಕಾಲೇಜು ಮೇಡಂ ಬಂದರು. ಗುಂಡಿಯ ತಳದ ಕಪ್ಪು ಜೇಡಿಯನ್ನು ಅವರು ಚಾಕುವಿನಿಂದ ಪದರ ಪದರವಾಗಿ ಬಿಡಿಸಿದರೆ, ಒಳಗೊಂದು ಎಲೆ! ಒಂದೊಂದು ನರವೂ ಕಾಣುತ್ತಿತ್ತು. ಇಷ್ಟು ಕಾಲ ತಾನು ತುಳಿದು ಇಟ್ಟಿಗೆ ಮಾಡಿದ್ದು ಇದನ್ನೇ ಎಂದು ಪಾಪಮ್ಮನಿಗೆ ದಿಗಿಲಾಯಿತು.

ಆಮೇಲೆ ಮೇಡಂ ಮಾರಮ್ಮನನ್ನು ಕಂಡು ಅಲ್ಲೇ ಕೂತುಬಿಟ್ಟರು.

"ಪಾಪಮ್ಮ, ಇದು ಯಾವ ಮರ, ಯಾವ ಕಾಲದ್ದು ಅಂತ ತಿಳ್ಕೋಬಹುದು. ಆದ್ರೆ ಮೇಲೆಲ್ಲ ನಿಮ್ಮ ಎಣ್ಣೆ ಇಳಿದಿದೆ. ಈ ಕಾಲದ ಎಣ್ಣೆ ಸೇರಿದ್ರೆ ಮರದ ವಯಸ್ಸಿನ ಲೆಕ್ಕ ತಪ್ಪುತ್ತೆ. ನಡುವಿನ ತಿರುಳೇ ಬೇಕು, ಕುಯ್ಯಬೇಕಾಗುತ್ತೆ."

ತನ್ನ ಭಕ್ತಿಯೇ ದೇವರ ಮೈಗೆ ಗರಗಸ ತಂದಿತಲ್ಲ ಎಂದುಕೊಂಡಳು ಪಾಪಮ್ಮ. ಬೇಡವೆನ್ನಲು ಬಾಯಿ ತೆರೆದಳು. ಆದರೆ ಆ ಎಲೆ ಕಣ್ಣಿಗೆ ಕಟ್ಟಿತ್ತು.

"ಕುಯ್ಕಳಿ ಮೇಡಮ್ಮೋರೆ. ನನ್ನ ಉಳಿಸ್ದೋಳು ಯಾರು ಅಂತ ನಂಗೂ ತಿಳೀಬೇಕು."

ದಿಮ್ಮಿಯನ್ನು ತಾನೇ ಅವುಚಿ ಹಿಡಿದಳು. ಗರಗಸ ಆಡುವಷ್ಟು ಹೊತ್ತೂ ಅತ್ತಳು.

ಮರುವರ್ಷ ಮೇಡಂ ಉತ್ತರ ತಂದರು. ಮರ ಸುಮಾರು ಒಂಬತ್ತು ಸಾವಿರ ವರ್ಷದ ಹಿಂದಿನದು. ಅದರ ಜಾತಿ ಈಗ ಘಟ್ಟದ ದಟ್ಟ ಕಾಡಿನಲ್ಲಷ್ಟೇ ಬೆಳೆಯುತ್ತದೆ.

"ಒಳೇಲಿ ತೇಲ್ಕಂಡು ಬಂದಿರ್‌ಬೌದಲ್ವಾ?" ಎಂದಳು ಪಾಪಮ್ಮ.

"ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ಆ ಎಲೇನೂ ಇದೇ ಮರದ್ದು. ದೂರದಿಂದ ಬಂದಿದ್ರೆ ಹರಿದುಹೋಗಿರೋದು. ಇಲ್ಲೇ ಉದುರಿದೆ ಪಾಪಮ್ಮ. ಆಗ ಇಲ್ಲಿ ವರ್ಷಕ್ಕೆ ಏಳೆಂಟು ತಿಂಗಳು ಮಳೆ. ನೀವು ನಿಂತಿರೋದು ಬಿಸಿಲೇ ಬೀಳದ ಕಾಡಿನಲ್ಲಿ."

ಪಾಪಮ್ಮ ಸುತ್ತ ನೋಡಿದಳು. ಜಾಲಿ, ಇಟ್ಟಿಗೆ ಪುಡಿ, ರಣಬಿಸಿಲು. ಒಳಗೆ ಹೋಗಿ ಕುಡಿಯುವ ನೀರಿನ ಕೊಡ ಎತ್ತಿ ತಂದು, ಬಿರುಕು ಬಿಟ್ಟ ದಿಮ್ಮಿಯ ಮೇಲೆ ನಿಧಾನವಾಗಿ ಸುರಿದಳು.

"ಅಷ್ಟೊಂದು ಮಳೆ ಕುಡ್ದೋಳು. ಎಷ್ಟು ಬಾಯಾರಿತ್ತೋ ಏನೋ ನಮ್ಮವ್ವಂಗೆ."