ಕೂದಲು ಕೀಳುವ ಹುಡುಗಿಗೆ ಮೂರು ಸರ್ಟಿಫಿಕೇಟು

೧೯೫೬ರ ಜೂನ್ ತಿಂಗಳಲ್ಲಿ ನಾನು ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯ ಶಿಕ್ಷಕಿಯಾಗಿದ್ದೆ. ನಮ್ಮ ಕಡೆ ಶಿಕ್ಷಕಿಯನ್ನು ಎಲ್ಲರೂ ಅಕ್ಕಾರ ಎಂದೇ ಕರೆಯುತ್ತಾರೆ. ಊರು ನನ್ನದಲ್ಲ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಧಾರವಾಡದಲ್ಲಿ ಟ್ರೇನಿಂಗ್ ಮುಗಿಸಿ, ಅಲ್ಲಿಗೆ ವರ್ಗವಾಗಿ ಬಂದವಳು. ಕೆಲವೇ ವರ್ಷಗಳ ಹಿಂದೆ ಲಕ್ಷ್ಮೇಶ್ವರ ಒಂದು ಸಂಸ್ಥಾನಕ್ಕೆ ಸೇರಿದ ಊರಾಗಿತ್ತು. ಆಮೇಲೆ ಮುಂಬಯಿ ರಾಜ್ಯಕ್ಕೆ ಸೇರಿತು. ಈಗ ನವೆಂಬರಿನಿಂದ ಮೈಸೂರು ರಾಜ್ಯ ಎಂದು ಗೊತ್ತಾಗಿತ್ತು. ನಮ್ಮ ಶಾಲೆಯ ಕಟ್ಟಡ ಅದೇ, ಸೋರುವ ಜಾಗಗಳೂ ಅವೇ, ಸರ್ಕಾರ ಮಾತ್ರ ಮೂರನೆಯದು.

ಹೆಡ್ ಮಾಸ್ತರರು ಸಂಸ್ಥಾನದ ಕಾಲದಲ್ಲಿ ನೌಕರಿಗೆ ಸೇರಿದವರು. ಪೆನ್ಶನ್ ಹತ್ತಿರ ಬಂದಿತ್ತು. ಆ ವರ್ಷವೆಲ್ಲ ಅವರಿಗೆ ಒಂದೇ ಚಿಂತೆ: ಹಳೆಯ ಸರ್ಕಾರದ ನಿಯಮ ಮುಗಿಯುತ್ತಿದೆ, ಹೊಸ ಸರ್ಕಾರದ ನಿಯಮ ಬಂದಿಲ್ಲ, ನಡುವೆ ಏನಾದರೂ ಆದರೆ ತಮ್ಮ ಗತಿ ಏನು. ಹೀಗಾಗಿ ಯಾವುದಕ್ಕೂ ಹೂಂ ಎನ್ನುತ್ತಿರಲಿಲ್ಲ. ಸೀಮೆಸುಣ್ಣದ ಹೊಸ ಡಬ್ಬಿ ಒಡೆಯಲಿಕ್ಕೂ ಎರಡು ದಿನ ಯೋಚಿಸುತ್ತಿದ್ದರು.

ಏಳನೇ ಇಯತ್ತೆ ಎಂದರೆ ಮುಲ್ಕಿ ಪರೀಕ್ಷೆಯ ವರ್ಷ. ಈಗಿನವರಿಗೆ ಆ ಹೆಸರು ತಿಳಿಯದು. ಮುಲ್ಕಿ ಪಾಸಾದವರಿಗೆ ಮಾಸ್ತರಿಕೆಯ ಬಾಗಿಲು ತೆರೆಯುತ್ತಿತ್ತು. ನಮ್ಮ ಕಡೆಯ ಹೆಣ್ಣುಮಗಳೊಬ್ಬಳು ಅಲ್ಲಿಯವರೆಗೆ ಬರುವುದೇ ದೊಡ್ಡದು. ಆ ವರ್ಷ ನನ್ನ ವರ್ಗದಲ್ಲಿದ್ದವರು ಆರು ಹುಡುಗಿಯರು. ಅವರಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಚುರುಕಾದವಳು ಸಾವಂತ್ರಿ. ತಂದೆ ಫಕ್ಕೀರಪ್ಪ ಊರ ಹೊರಗೆ ಎರೆಹೊಲ ಮಾಡಿಕೊಂಡಿದ್ದ. ತಾಯಿ ಬಾಯಿಲ್ಲದ ಹೆಂಗಸು. ಮನೆಯ ಆಡಳಿತವೆಲ್ಲ ಅಜ್ಜಿ ನಿಂಗವ್ವನದು.

ಬೇಸಿಗೆ ರಜೆ ಮುಗಿಸಿ ಬಂದ ಸಾವಂತ್ರಿ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ನಾಲ್ಕು ದಿನ ಬಿಸಿಲು ಎಂದಳು, ಆಮೇಲೆ ನೆಗಡಿ ಎಂದಳು. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತವಳು ಆ ಬಟ್ಟೆ ಎಳೆದುಬಿಟ್ಟಳು. ಎಡಗಿವಿಯ ಮೇಲ್ಭಾಗದಲ್ಲಿ ಅಂಗೈ ಅಗಲದಷ್ಟು ಕೂದಲೇ ಇಲ್ಲ. ಹುಡುಗಿಯರು ಚೀರುತ್ತ ಎದ್ದರು. ಗದ್ದಲ ಕೇಳಿ ಬಂದ ಹೆಡ್ ಮಾಸ್ತರರು ಬಾಗಿಲಲ್ಲೇ ನಿಂತು, ಒಳಗೆ ಕಾಲಿಡದೆ, ಹುಳುಕಡ್ಡಿ ಎಂದು ತೀರ್ಪು ಕೊಟ್ಟರು. ಅಂಟುರೋಗ, ವಾಸಿಯಾಗುವವರೆಗೆ ಶಾಲೆಗೆ ಬರಕೂಡದು ಎಂದು ಆಗಲೇ ಮನೆಗೆ ಕಳಿಸಿದರು.

ನಾನು ಆ ಕ್ಷಣದಲ್ಲಿ ಎದುರಾಡಲಿಲ್ಲ, ಏಕೆಂದರೆ ನನಗೂ ಅದು ಹುಳುಕಡ್ಡಿಯಂತೆಯೇ ಕಂಡಿತ್ತು. ಆದರೆ ಸಂಜೆ ಕಸ ಗುಡಿಸುವಾಗ ಅವಳು ಕೂರುತ್ತಿದ್ದ ಜಾಗದಲ್ಲಿ ಉದ್ದುದ್ದ ಕೂದಲು ಬಿದ್ದಿದ್ದವು. ಬುಡಸಹಿತ ಬಂದವು. ಹುಳುಕಡ್ಡಿಯಲ್ಲಿ ಕೂದಲು ತುಂಡಾಗುತ್ತದೆಂದು ಟ್ರೇನಿಂಗಿನ ಆರೋಗ್ಯಶಾಸ್ತ್ರದ ಪಾಠದಲ್ಲಿ ಕೇಳಿದ್ದ ನೆನಪು. ಮರುದಿನ ಅವಳನ್ನೂ ಅಜ್ಜಿಯನ್ನೂ ಕರೆದುಕೊಂಡು ದವಾಖಾನೆಗೆ ಹೋದೆ.

ಡಾಕ್ಟರು ಹರೆಯದವರು, ಮುಂಬಯಿಯಲ್ಲಿ ಕಲಿತವರು. ಭೂತಗನ್ನಡಿ ಹಿಡಿದು ನೋಡಿದರು. ತಲೆಯ ಚರ್ಮ ಶುದ್ಧವಾಗಿದೆ, ಹೊಟ್ಟಿಲ್ಲ, ಅಲ್ಲಲ್ಲಿ ಹೊಸ ಕೂದಲು ಚಿಗುರುತ್ತಿದೆ, ಇದು ಹುಳುಕಡ್ಡಿಯಲ್ಲ, ಹುಡುಗಿ ತಾನೇ ಕಿತ್ತುಕೊಳ್ಳುತ್ತಿದ್ದಾಳೆ ಎಂದರು. ಅಂಟುವ ರೋಗವಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದುಕೊಟ್ಟರು. ಅದು ಮೊದಲನೆಯ ಸರ್ಟಿಫಿಕೇಟು.

ಮನೆಗೆ ಸುದ್ದಿ ಮುಟ್ಟಿದ ಕೂಡಲೇ ಶುರುವಾಯಿತು. ಫಕ್ಕೀರಪ್ಪನಿಗೆ ಇದು ತಲೆಗೇ ಹೋಗಲಿಲ್ಲ. ನೋವಾಗುವುದಿಲ್ಲವೇ, ಯಾರಾದರೂ ತಮ್ಮ ಕೂದಲು ತಾವೇ ಕೀಳುತ್ತಾರೆಯೇ ಎಂದು ನನ್ನನ್ನೇ ಕೇಳಿದ. ಮಗಳಿಗೆ ಎರಡು ಏಟು ಕೊಟ್ಟ. ಅಜ್ಜಿ ಬೆರಳಿಗೆ ಮೆಣಸಿನಕಾಯಿ ತಿಕ್ಕಿದಳು. ಹುಡುಗಿ ಕಣ್ಣುಜ್ಜಿಕೊಂಡು ಒಂದು ದಿನವೆಲ್ಲ ಅತ್ತಳು. ಆಮೇಲೆ ಕೈಗೆ ಅರಿವೆ ಸುತ್ತಿ ಕಟ್ಟಿದರು. ಉಣ್ಣುವಾಗ ಬಿಚ್ಚಿದರು, ಆಗ ಕಿತ್ತುಕೊಂಡಳು. ಯಾರೋ ಹೇಳಿದರೆಂದು ಬೆಳ್ಳುಳ್ಳಿ ಅರೆದು ಮೆತ್ತಿ ಇದ್ದ ಚರ್ಮವನ್ನೂ ಸುಟ್ಟರು. ಇದಾವುದನ್ನೂ ಮಾಡಿರೆಂದು ಡಾಕ್ಟರು ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಹೋಗಿ ಕೇಳಿದರೆ ಮತ್ತೇನು ಮಾಡಬೇಕು ಹೇಳಿ ಎನ್ನುತ್ತಿದ್ದರು. ಅದು ನನಗೂ ಗೊತ್ತಿರಲಿಲ್ಲ.

ಇತ್ತ ಹೆಡ್ ಮಾಸ್ತರರು ಸರ್ಟಿಫಿಕೇಟನ್ನು ಒಂದು ವಾರ ಇಟ್ಟುಕೊಂಡು ಹಿಂದಕ್ಕೆ ಕೊಟ್ಟರು.

"ಹುಳುಕಡ್ಡಿ ಅಲ್ಲ ಅಂತ ಬರದಾರ. ಹಂಗಾದ್ರ ಏನು? ಅದನ್ನ ಬರದಿಲ್ಲ. ರೋಗದ ಹೆಸರಿಲ್ಲದ ಸರ್ಟಿಫಿಕೇಟ್ ನಾ ಎಲ್ಲಿ ಇಡ್ಲಿ ಅಕ್ಕಾರ?"

ಮತ್ತೆ ದವಾಖಾನೆಗೆ ಹೋದೆ. ಡಾಕ್ಟರು ನಕ್ಕು, ಹೆಸರು ಬೇಕಾದರೆ ಇದೆ ಎಂದು ಉದ್ದನೆಯ ಒಂದು ಇಂಗ್ಲಿಷ್ ಶಬ್ದ ಬರೆದುಕೊಟ್ಟರು. ಟ್ರೈಕೊಟಿಲೊಮೇನಿಯಾ. ಕೂದಲು ಕೀಳುವ ತಡೆಯಲಾಗದ ಚಟಕ್ಕೆ ವೈದ್ಯರು ಇಟ್ಟ ಹೆಸರು ಅದು. ಎರಡನೆಯ ಸರ್ಟಿಫಿಕೇಟು ಸಿಕ್ಕಿತು, ಇನ್ನು ಕೆಲಸವಾಯಿತು ಎಂದುಕೊಂಡು ಓಡಿಬಂದೆ.

ಹೆಡ್ ಮಾಸ್ತರರ ಮೇಜಿನ ಮೇಲೆ ಇಂಗ್ಲಿಷ್-ಕನ್ನಡ ನಿಘಂಟು ಇತ್ತು. ಕನ್ನಡಕ ಏರಿಸಿ ಹುಡುಕಿದರು. ಇಡೀ ಶಬ್ದ ಸಿಗಲಿಲ್ಲ. ಹಾಗೆಂದು ಬಿಡಲಿಲ್ಲ, ಶಬ್ದವನ್ನು ಮುರಿದು ಬಾಲವನ್ನು ಹುಡುಕಿದರು. ಮೇನಿಯಾ ಎಂದರೆ ಹುಚ್ಚು, ಉನ್ಮಾದ. ಬೆರಳಿಟ್ಟು ನನಗೂ ತೋರಿಸಿದರು. ಹುಚ್ಚು ಹಿಡಿದ ಹುಡುಗಿಯನ್ನು ಶಾಲೆಯಲ್ಲಿ ಕೂರಿಸಲು ನಿಯಮವಿಲ್ಲ ಎಂದರು. ಕೂರಿಸಬಾರದೆಂಬ ನಿಯಮ ಇದೆಯೇ ಎಂದು ಕೇಳಿದೆ. ಮೈಸೂರಿನವರದು ಇನ್ನೂ ಬಂದಿಲ್ಲ ಎಂದರು. ನಾನು ಹೊರಗೆ ಬಂದು, ಬಾವಿಕಟ್ಟೆಯ ಹತ್ತಿರ ನಿಂತು, ಯಾರೂ ಇಲ್ಲದ್ದನ್ನು ನೋಡಿಕೊಂಡು, ನನ್ನ ತಾಯಿ ಮಗ್ಗದ ನೂಲು ಸಿಕ್ಕಾದಾಗ ಬೈಯುತ್ತಿದ್ದ ಬೈಗುಳವನ್ನೆಲ್ಲ ಬೈದೆ.

ಕಚೇರಿಯ ಮಾತು ಊರಿಗೆ ಹೇಗೆ ಹೋಗುತ್ತದೋ ನನಗೆ ಇವತ್ತಿಗೂ ತಿಳಿಯದು. ಮೂರನೆಯ ದಿನಕ್ಕೆ ಪೇಟೆಯಲ್ಲಿ ಫಕ್ಕೀರಪ್ಪನ ಮಗಳಿಗೆ ಹುಚ್ಚು ಎಂದಾಗಿತ್ತು. ಅಂದು ಸಂಜೆ ಅವನು ನನ್ನ ಬಾಡಿಗೆ ಮನೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ರುಮಾಲು ಕೈಯಲ್ಲಿ ಹಿಡಿದು ನಿಂತ. ಸಿಟ್ಟು ಮಾಡುತ್ತಾನೆಂದು ನಾನು ಸಿದ್ಧಳಾಗಿದ್ದೆ. ಅವನು ಸಿಟ್ಟು ಮಾಡಲಿಲ್ಲ.

"ಧಾರವಾಡಕ್ಕ ಒಯ್ಯಬೇಕಂತ ಮಂದಿ ಮಾತಾಡಾಕತ್ತಾರ್ರಿ ಅಕ್ಕಾರ. ಹುಳುಕಡ್ಡಿ ಅಂದಿದ್ರ ಚಲೋ ಇತ್ತು. ಡಾಕ್ಟರ್ ಸಾಹೇಬ್ರಿಗೆ ಹೇಳಿ ಹುಳುಕಡ್ಡಿ ಅಂತನ ಬರಸಿಕೊಡ್ರಿ."

ಧಾರವಾಡಕ್ಕೆ ಒಯ್ಯುವುದೆಂದರೆ ನಮ್ಮ ಕಡೆ ಹುಚ್ಚಾಸ್ಪತ್ರೆಗೆ ಒಯ್ಯುವುದು ಎಂದೇ ಅರ್ಥ. ಹುಡುಗಿಯನ್ನು ದಿನಾ ಸಂಜೆ ನನ್ನ ಮನೆಗೆ ಕಳಿಸು, ಪಾಠ ತಪ್ಪದಿರಲಿ, ಉಳಿದದ್ದು ನಾನು ನೋಡುತ್ತೇನೆ ಎಂದೆ. ಏನು ನೋಡುತ್ತೇನೆಂದು ನನಗೇ ಗೊತ್ತಿಲ್ಲದೆ ಹೇಳಿದ ಮಾತು ಅದು.

ಸಾವಂತ್ರಿ ಬರತೊಡಗಿದಳು. ಮೊದಲ ವಾರ ನಾನೂ ಎಲ್ಲರಂತೆ ಅವಳ ಕೈಯನ್ನೇ ನೋಡುತ್ತ ಕೂತೆ. ಲೆಕ್ಕ ಸುಲಭವಿದ್ದಾಗ ಕೈ ಸುಮ್ಮನಿರುತ್ತಿತ್ತು. ಕಠಿಣವಾದದ್ದು ಬಂದರೆ ಬಲಗೈ ಬರೆಯುತ್ತಿದ್ದಂತೆ ಎಡಗೈ ತಾನಾಗಿ ಮೇಲೇರಿ ಕೂದಲಿನಲ್ಲಿ ಏನನ್ನೋ ತಡಕುತ್ತಿತ್ತು. ಯಾಕೆ ಕೀಳುತ್ತೀ ಎಂದು ಯಾರೂ ಅವಳನ್ನು ಕೇಳಿರಲಿಲ್ಲವೆಂದಲ್ಲ, ಎಲ್ಲರೂ ಕೇಳಿದ್ದರು. ಉತ್ತರಕ್ಕೆ ಮಾತ್ರ ಯಾರೂ ಕಾದಿರಲಿಲ್ಲ. ನಾನು ಕಾದೆ. ಬಹಳ ಹೊತ್ತಿನ ಮೇಲೆ ಹೇಳಿದಳು.

"ಬೇಕಂತ ಕೀಳಂಗಿಲ್ರಿ ಅಕ್ಕಾರ. ಒಂದೊಂದ ಕೂದಲ ಒರಟ ಇರತೈತ್ರಿ, ಕೈ ಅದನ್ನ ಹುಡುಕತೈತಿ. ಕಿತ್ತ ಮ್ಯಾಲೆ ನನಗ ಗೊತ್ತಾಗತೈತ್ರಿ."

ಹಿಂದೆ ಏನಾದರೂ ಹೆದರಿಕೆ ಆಗಿತ್ತೇ, ಮನೆಯಲ್ಲಿ ಯಾರಾದರೂ ಕಾಡುತ್ತಾರೆಯೇ ಎಂದು ಬಗೆಬಗೆಯಾಗಿ ವಿಚಾರಿಸಿದೆ. ಏನೂ ಇರಲಿಲ್ಲ. ಕಾರಣ ಸಿಕ್ಕಿದ್ದರೆ ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳುತ್ತಿದ್ದೆನೋ ಏನೋ. ಆ ಸಮಾಧಾನವೂ ನನಗೆ ದಕ್ಕಲಿಲ್ಲ.

ಎಡಗೈಗೆ ಬೇರೆ ಕೆಲಸ ಕೊಡೋಣವೆಂದು ಹೊಳೆಯಿತು. ಹುಣಸೆಬೀಜ ಕೊಟ್ಟೆ, ಒಂದು ಕಡೆ ಇಟ್ಟು ಮರೆತಳು. ಗಂಟು ಹಾಕಿದ ದಾರ ಕೊಟ್ಟೆ, ಬಿಚ್ಚುವುದರಲ್ಲೇ ಮುಳುಗಿ ಲೆಕ್ಕ ಬಿಟ್ಟಳು. ಒಂದು ದಿನ ಅವಳೇ ಮನೆಯಿಂದ ಮುಷ್ಟಿ ಹತ್ತಿ ತಂದಳು, ಹಾಸಿಗೆಗೆಂದು ಅಟ್ಟದಲ್ಲಿ ಇಟ್ಟಿದ್ದ ಬೀಜವಿರುವ ಹತ್ತಿ. ಹತ್ತಿಯೊಳಗಿನ ಕಾಳನ್ನು ಬೆರಳಿನಿಂದ ಹುಡುಕಿ, ಹಿಡಿದು, ಎಳೆದು ಬಿಡಿಸಬೇಕು. ಎಳೆ ಬಿಡುವಾಗ ಸಣ್ಣದಾಗಿ ಚಿರ್ ಎನ್ನುತ್ತದೆ. ಕೂದಲು ಕಿತ್ತಾಗಲೂ ಹಾಗೇ ಅನ್ನುತ್ತದೆ ಎಂದು ನಾಚಿಕೊಂಡು ಹೇಳಿದಳು. ಅವತ್ತು ಇಡೀ ಸಂಜೆ ಬಡ್ಡಿಯ ಲೆಕ್ಕ ಮಾಡಿದಳು, ಕೈ ತಲೆಗೆ ಹೋದದ್ದು ಒಂದೆರಡು ಸಲ ಅಷ್ಟೇ.

ನನಗಾದ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಹತ್ತಿ ಬಿಡಿಸಿದರೆ ರೋಗ ಹೋಗುತ್ತದೆಯಂತೆ ಎಂದು ತಿಳಿದ ನಿಂಗವ್ವ ಅಟ್ಟದ ಮೇಲಿನ ಹತ್ತಿಯನ್ನೆಲ್ಲ ಇಳಿಸಿ ಮೊಮ್ಮಗಳ ಮುಂದೆ ಸುರಿದಳು. ಬೆಳಗಿನಿಂದ ಬಿಡಿಸು. ಮುಗಿಯಿತೇ, ಇನ್ನೊಂದಿಷ್ಟು ಬಿಡಿಸು. ನಿಲ್ಲಿಸಿದರೆ ಎಲ್ಲರೂ ಕೂಡಿ "ಕೈ! ಕೈ!" ಎಂದು ಕೂಗುವುದು. ಹತ್ತು ದಿನದೊಳಗೆ ಬಲಗಿವಿಯ ಮೇಲೂ ಚರ್ಮ ಕಾಣತೊಡಗಿತು.

ನಾನು ಆ ಮನೆಗೆ ಹೋಗಿ ಜಗಳವನ್ನೇ ತೆಗೆದೆ. ಹಿರಿಯಳೆಂಬ ಮರ್ಯಾದೆ ಬಿಡಲಿಲ್ಲ, ದನಿ ಮಾತ್ರ ಓಣಿಗೆಲ್ಲ ಕೇಳಿತು. ಇನ್ನು ಮೇಲೆ ಈ ಮನೆಯಲ್ಲಿ ಕೈ ಎನ್ನುವ ಶಬ್ದ ಯಾರ ಬಾಯಿಂದಲೂ ಬರಬಾರದು, ಹುಡುಗಿಯ ತಲೆಯನ್ನು ಯಾರೂ ಬಿಚ್ಚಿ ನೋಡಬಾರದು, ಹತ್ತಿ ಅವಳಿಗೆ ಬೇಕಾದಾಗ ಬೇಕಾದಷ್ಟು ಮಾತ್ರ ಎಂದೆ. ನಿಂಗವ್ವ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ನೋಡ್ಕೊಂತ ಸುಮ್ನ ಕುಂಡ್ರು ಅಂತೀರಿ. ನನ್ನ ಮೊಮ್ಮಗಳು ಬೋಳಿ ಆಗೂದನ್ನ ನೋಡ್ಕೊಂತ ಹೆಂಗ ಸುಮ್ನ ಕುಂಡ್ರಲೆವ್ವ?"

ಆ ಮುದುಕಿಯ ಕಣ್ಣಲ್ಲಿ ನೀರಿತ್ತು. ಅಷ್ಟು ದಿನ ನಾನು ಅವಳನ್ನು ಹಟಮಾರಿ ಎಂದೇ ಬೈದುಕೊಂಡಿದ್ದೆ. ನೋಡಬೇಡಿ, ಅದಕ್ಕೇ ಹೇಳುತ್ತಿರುವುದು ಎಂದೆ. ಒಪ್ಪಿದಳು. ಒಪ್ಪಿದ್ದನ್ನು ನಾಲ್ಕು ದಿನಕ್ಕೊಮ್ಮೆ ಮುರಿದಳು, ನಾನು ನಾಲ್ಕು ದಿನಕ್ಕೊಮ್ಮೆ ಹೋಗಿ ಮತ್ತೆ ಒಪ್ಪಿಸಿದೆ.

ನವೆಂಬರ್ ಒಂದರಂದು ಶಾಲೆಯಲ್ಲಿ ಸಭೆ ನಡೆಯಿತು. ಮಾವಿನ ತೋರಣ, ಪೇಢೆ. ಹೆಡ್ ಮಾಸ್ತರರು ಕನ್ನಡದ ಮೇಲೆ ಬಹಳ ಹೊತ್ತು ಭಾಷಣ ಮಾಡಿದರು. ಇನ್ನು ನಮ್ಮ ಕಾಗದಪತ್ರಗಳೆಲ್ಲ ನಮ್ಮ ನುಡಿಯಲ್ಲೇ ನಡೆಯಬೇಕು ಎಂದಾಗ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ತಟ್ಟುತ್ತಲೇ ಎದ್ದು, ಸೀದಾ ದವಾಖಾನೆಗೆ ನಡೆದೆ. ಡಾಕ್ಟರು ಅದುವರೆಗೆ ಕನ್ನಡದಲ್ಲಿ ಸರ್ಟಿಫಿಕೇಟು ಬರೆದವರಲ್ಲ. ನಾನು ಹೇಳುತ್ತ ಹೋದೆ, ಅವರು ಬರೆದರು: "ಈ ಹುಡುಗಿಗೆ ಕೂದಲು ಕೀಳುವ ರೂಢಿ ಇದೆ. ಇದು ಅಂಟುವುದಿಲ್ಲ. ಬುದ್ಧಿ ಸ್ವಸ್ಥವಾಗಿದೆ. ಶಾಲೆಗೆ ಬರಬಹುದು."

ಮೂರನೆಯ ಸರ್ಟಿಫಿಕೇಟನ್ನು ಹೆಡ್ ಮಾಸ್ತರರು ತಿರುಗಿಸಿ ಮುರುಗಿಸಿ ನೋಡಿದರು. ನಿಘಂಟಿಗೆ ಕೈ ಹೋಯಿತು, ಹುಡುಕುವಂಥ ಶಬ್ದವೇ ಅದರಲ್ಲಿರಲಿಲ್ಲ. ರೂಢಿ ಎಂದರೆ ರೋಗವಲ್ಲವಲ್ಲ ಎಂದರು. ಅಲ್ಲ ಎಂದೆ. ರೋಗವಲ್ಲದ್ದಕ್ಕೆ ಸರ್ಟಿಫಿಕೇಟ್ ಯಾಕೆ ತಂದಿರಿ ಎಂದು ನನ್ನನ್ನೇ ಗದರಿದರು. ಸಾವಂತ್ರಿ ಮರುದಿನ ತಲೆಗೆ ಬಟ್ಟೆ ಕಟ್ಟಿಕೊಂಡು ವರ್ಗಕ್ಕೆ ಬಂದಳು. ಹಾಜರಿ ಕಡಿಮೆಯಾಯಿತೆಂದು ಇನ್ನೊಂದು ತಕರಾರು ಎದ್ದಿತು, ಅದರ ಕಥೆ ಹೇಳಿದರೆ ಓದುವವರಿಗೂ ತಲೆನೋವು. ಅಂತೂ ಪರೀಕ್ಷೆಯ ಅರ್ಜಿಗೆ ಸಹಿ ಬಿತ್ತು.

ಮುಂದಿನ ಬೇಸಿಗೆಯ ಆರಂಭಕ್ಕೆ ಗದಗಿನಲ್ಲಿ ಪರೀಕ್ಷೆ. ಆರೂ ಹುಡುಗಿಯರನ್ನು ಮುಳಗುಂದದ ಮೇಲೆ ಹಾಯ್ದು ಹೋಗುವ ಬಸ್ಸಿನಲ್ಲಿ ಕರೆದೊಯ್ದು ಬೆಟಗೇರಿಯ ನಮ್ಮ ಮನೆಯಲ್ಲೇ ಇಳಿಸಿದೆ. ಅಷ್ಟರಲ್ಲಿ ಸಾವಂತ್ರಿಯ ಎಡಗಿವಿಯ ಮೇಲೆ ಬೆರಳುದ್ದ ಕೂದಲು ಬೆಳೆದಿತ್ತು. ಗಣಿತದ ದಿನ ಅವಳು ಮುಷ್ಟಿಯಲ್ಲಿ ಹತ್ತಿ ಹಿಡಿದು ಒಳಗೆ ಹೋದಳು. ಮೇಲ್ವಿಚಾರಕರು ಅದರಲ್ಲಿ ಚೀಟಿ ಇದೆ ಎಂದು ಕಸಿದುಕೊಂಡು, ಎಳೆ ಎಳೆ ಬಿಡಿಸಿ, ಏನೂ ಸಿಗದೆ, ಆದರೂ ಹಿಂದಿರುಗಿಸದೆ ಹೊರಗೆ ಎಸೆದರು. ಕಿಟಕಿಯಿಂದ ಬಂದು ಬಿದ್ದ ಆ ಹತ್ತಿಯನ್ನು ಅಂಗಳದಲ್ಲಿ ನಿಂತಿದ್ದ ನಾನು ಕಂಡೆ. ಒಳಗೆ ಹೋಗುವಂತಿಲ್ಲ, ಹೇಳುವಂತಿಲ್ಲ. ಪರೀಕ್ಷೆ ಮುಗಿಯುವವರೆಗೆ ಬೇವಿನ ಮರದ ಕೆಳಗೆ ಸುತ್ತಿದೆ.

ಹೊರಗೆ ಬಂದಾಗ ಅವಳ ಹೆಗಲ ಮೇಲೆ ಕೂದಲುಗಳಿದ್ದವು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಎಲ್ಲಾ ಲೆಕ್ಕ ಬಿಡಿಸೇನ್ರಿ ಅಕ್ಕಾರ. ಕೂದಲ ಮತ್ತ ಬರತಾವ," ಎಂದಳು.

ಪಾಸಾದಳು. ಆರರಲ್ಲಿ ನಾಲ್ವರು ಪಾಸಾದರು, ಗಣಿತದಲ್ಲಿ ಅವಳೇ ಮುಂದು. ಕೆಲವು ವರ್ಷಗಳ ಮೇಲೆ ಅವಳೂ ಶಿಕ್ಷಕಿಯಾಗಿ ಮುಂಡರಗಿ ಕಡೆ ಹೋದಳು. ಚಟ ಪೂರಾ ಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತಂದೆ ತೀರಿಕೊಂಡಾಗ, ಚೊಚ್ಚಲ ಹೆರಿಗೆಯ ಮುಂಚೆ, ಮತ್ತೆ ಬಂದಿತ್ತೆಂದು ಅವಳೇ ಹೇಳಿದ್ದಾಳೆ. ಬಂದದ್ದು ಹೋಗುವವರೆಗೆ ತಲೆಗೆ ಸೆರಗು ಹೊದ್ದು ಪಾಠ ಮಾಡಿದಳಂತೆ.

ಆಮೇಲಿನ ನನ್ನ ನೌಕರಿಯಲ್ಲಿ ಉಗುರು ಕಚ್ಚುವವರು, ಗಾಯದ ಹಕ್ಕಳೆ ಕಿತ್ತು ರಕ್ತ ಬರಿಸಿಕೊಳ್ಳುವವರು, ಹುಬ್ಬು ಕೀಳುವವರು, ಎಷ್ಟೋ ಮಕ್ಕಳು ಕಣ್ಣಿಗೆ ಬಿದ್ದರು. ಪ್ರತಿ ಸಲವೂ ಮಗುವಿಗಿಂತ ಮೊದಲು ತಂದೆ ತಾಯಿಯನ್ನು, ಅಜ್ಜಿಯನ್ನು, ಮಾಸ್ತರರನ್ನು ಕೂರಿಸಿಕೊಂಡು ಹೇಳಬೇಕಾಯಿತು: ಕಾವಲು ಬಿಡಿ, ಕೂಗಬೇಡಿ, ಅದರ ಬೆರಳಿಗೆ ಏನು ಬೇಕೋ ಅದನ್ನು ಅದೇ ಹುಡುಕಿಕೊಳ್ಳಲಿ. ಎಲ್ಲರೂ ಗೋಣು ಹಾಕುತ್ತಾರೆ. ಎದ್ದು ಬಾಗಿಲು ದಾಟುವ ಮುಂಚೆ ಹಿಂದೆ ತಿರುಗಿ, ಹಚ್ಚಲಿಕ್ಕೆ ಏನಾದರೂ ಎಣ್ಣೆ ಇದ್ದರೆ ಹೇಳಿ ಎನ್ನುತ್ತಾರೆ. ನಾನು ಅವರನ್ನು ಮತ್ತೆ ಒಳಗೆ ಕರೆದು, ಮೊದಲಿನಿಂದ ಹೇಳುತ್ತೇನೆ.