ಎಳ್ಳ ಅಮಾವಾಸ್ಯೆಯ ಸೂಟಿ

ಆ ದಿನ ನಾನು ಮಾಡಿದ ಕೆಲಸಗಳು ಇಷ್ಟು. ಎದ್ದು ಅಂಗಳ ಗುಡಿಸಿ ಸಾರಿಸಿದೆ. ಎಮ್ಮೆಯ ಹಾಲು ಹಿಂಡಿದೆ. ಕರೆಂಟು ಬಂದಿತೆಂದು ಬೋರಿನ ಮೋಟಾರು ಚಾಲೂ ಮಾಡಿದೆ. ನಮ್ಮವರ ಅಂಗಿ, ನನ್ನ ಸೀರೆ ಒಗೆದು ಬೇಲಿಯ ಮೇಲೆ ಹರವಿದೆ. ಕೋಳಿಗಳಿಗೆ ನುಚ್ಚು ಹಾಕಿದೆ. ಜೋಳ ಹಸನು ಮಾಡಿ ಚೀಲಕ್ಕೆ ತುಂಬಿದೆ. ಕಾಶವ್ವನ ಕಪಾಳಕ್ಕೆ ಹೊಡೆದೆ. ಒಣಗಿದ ಬಟ್ಟೆ ತಂದು ಮಡಚಿಟ್ಟೆ.

ಹೊಡೆದದ್ದು ಅವಳು ಸುಳ್ಳು ಹೇಳಿದಳೆಂದಲ್ಲ. ಅವಳು ನಿಜ ಹೇಳುತ್ತಿದ್ದಳು — ಎಲ್ಲರ ಮುಂದೆ, ನನ್ನ ಕಡೆ ಕೈ ಮಾಡಿ. ಸುಳ್ಳು ಹೇಳಿದ್ದವಳು ನಾನು, ಹಿಂದಿನ ದಿನ. ಕೈ ಎದ್ದಿತು ಎಂದು ಬರೆಯಲು ಹೊರಟಿದ್ದೆ. ಕೈ ತಾನಾಗಿ ಏಳುವುದಿಲ್ಲ. ಎತ್ತಿದೆ.

ಹೈದರಾಬಾದಿನ ಅಂಚಿನ ಲಿಂಗಂಪಲ್ಲಿ ದಾಟಿ ಒಳಗೆ ಹೋದರೆ ಆಗ ಇನ್ನೂ ತರಕಾರಿ ತೋಟಗಳಿದ್ದವು. ಬೇಲಿಯ ಈಚೆ ಟೊಮೆಟೊ, ಹೂಕೋಸು. ಆಚೆ ಕ್ರೇನು, ಗಾಜು ಹೊತ್ತ ಲಾರಿಗಳು. ಕಂಪ್ಯೂಟರ್ ಕಂಪನಿಗಳು ಬರುತ್ತಿದ್ದ ಕಾಲ ಅದು. ಒಂದೊಂದೇ ತೋಟ ಮಾರಾಟವಾಗುತ್ತಿತ್ತು. ಅಂಥ ಒಂದು ತೋಟಕ್ಕೆ ನಮ್ಮವರು ಮೇಸ್ತ್ರಿ. ಯಜಮಾನರು ತೆಲುಗರು, ಹೈದರಾಬಾದಿನ ಒಳಗೆ ಅವರ ಮನೆ. ನಾವು ಸಾಹೇಬರು ಅನ್ನುತ್ತಿದ್ದೆವು. ಕೂಲಿಯವರೆಲ್ಲ ನಮ್ಮ ಯಾದಗಿರಿ ಕಡೆಯವರು, ತೋಟದ ಮೂಲೆಯಲ್ಲಿ ತಗಡಿನ ಗುಡಿಸಲು ಹಾಕಿಕೊಂಡಿದ್ದರು. ಕಾಶವ್ವ ನನ್ನ ತವರೂರಿನ ಹುಡುಗಿ. ಅವಳನ್ನೂ ಅವಳ ಗಂಡ ಮಾಲಪ್ಪನನ್ನೂ ಅಲ್ಲಿಗೆ ಕರೆಸಿದವಳು ನಾನೇ.

ದುಡಿದ ದಿನಕ್ಕೆ ಮಾತ್ರ ಕೂಲಿ. ಜ್ವರ ಬಂದರೂ ಇಲ್ಲ, ಹಬ್ಬ ಬಂದರೂ ಇಲ್ಲ. ಹಾಗಾಗಿ ಯಾರೂ ಒಂದು ದಿನವೂ ಕೂರುತ್ತಿರಲಿಲ್ಲ. ಸೂಟಿಯ ಮಾತು ಮೊದಲು ಎತ್ತಿದವಳು ಕಾಶವ್ವ, ಅದೂ ನಗುತ್ತ.

"ಕರೆಂಟ್ ಹ್ವಾದ್ರ ಮೋಟಾರಿಗೆ ಸುದ್ದಾ ಸೂಟಿ ಐತ್ರಿ ಅಕ್ಕಾರ. ನಮಗೇನು ಕರೆಂಟೂ ಹೋಗೂದಿಲ್ಲ, ಸೂಟಿನೂ ಬರೂದಿಲ್ಲ." ಬೇಲಿಯಾಚೆಯ ಗಾಜಿನ ಕಟ್ಟಡ ತೋರಿಸಿ ಇನ್ನೊಮ್ಮೆ ಅಂದಿದ್ದಳು: "ಅಲ್ಲಿ ಮಾಡೋರಿಗೆ ವಾರಕ್ಕ ಎರಡು ದಿನ ಸೂಟಿ ಅಂತ, ಪಗಾರನೂ ಕಡಿಯಂಗಿಲ್ಲಂತ. ಕುಂತು ಕುಂತು ಭಾಳ ದಣಿತಾರೇನೋ, ಪಾಪ!"

ಸಾಹೇಬರ ಕಿವಿಗೆ ಇದು ಬಿದ್ದಾಗ ಅವರು ನಮ್ಮವರಿಗೆ ಹೇಳಿದ್ದು ಒಂದೇ ಮಾತು: ಸೂಟಿ ಕೇಳುವ ಬಾಯಿಯನ್ನು ಊರಿಗೆ ಕಳಿಸು.

ಆಮೇಲೆ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಯಾರೂ ಹೊಲದಲ್ಲಿ ದುಡಿಯುವುದಿಲ್ಲ. ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿ ಕುದಿಸಿದ ಭಜ್ಜಿ, ಗಡಿಗೆಯಲ್ಲಿ ಅಂಬಲಿ — ಎಲ್ಲ ಹೊತ್ತು ಹೊಲಕ್ಕೆ ಹೋಗುತ್ತೇವೆ. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಕೂರಿಸಿ ಪೂಜೆ ಮಾಡುತ್ತೇವೆ. ತಂದ ಅಡಿಗೆಯನ್ನು ಹೊಲದ ಸುತ್ತ ಚೆಲ್ಲಿ ಮೊದಲು ಭೂಮಿಗೆ ಉಣಿಸಿ, ಆಮೇಲೆ ನಾವು ಉಣ್ಣುವುದು. ಇದಕ್ಕೆ ಚರಗ ಚೆಲ್ಲುವುದು ಅನ್ನುತ್ತಾರೆ. ಸ್ವಂತ ಹೊಲ ಇಲ್ಲದವರು ತಾವು ದುಡಿಯುವ ಹೊಲದಲ್ಲಿ ಚೆಲ್ಲುತ್ತಾರೆ. ಊರಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

"ಈ ಸಲ ಇಲ್ಲೇ ಚೆಲ್ಲೋಣ್ರಿ ಅಕ್ಕಾರ," ಅಂದಳು ಕಾಶವ್ವ. "ಉಣ್ಣೂದು ಈ ಮಣ್ಣಿಂದು, ಉಣಿಸೂದು ಊರಿನ ಮಣ್ಣಿಗೆ ಅಂದ್ರ ಇದು ಸುಮ್ಮನ ಬಿಡತೈತೇನ್ರಿ? ಆದ್ರ ಕೂಲಿ ಕಡೀಬಾರದು. ಮೊದಲಾ ಹೇಳೀನಿ."

ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಸಾಹೇಬರ ಫೋನು ಬಂತು. ಹಣ್ಣಾದ ಕಾಯಿ ಒಂದೂ ಗಿಡದ ಮೇಲೆ ಉಳಿಯಬಾರದು, ಇವತ್ತೇ ಕಿತ್ತು ಲಾರಿ ತುಂಬಿಸಿ ಕಳಿಸಬೇಕು. ಕಾರಣ ಹೇಳಲಿಲ್ಲ. ಹೆಂಗಸರು ಹಬ್ಬದ ಅಡಿಗೆ ಇದೆ, ಆಗುವುದಿಲ್ಲ ಎಂದು ಬದುವಿನ ಮೇಲೆ ಕೂತುಬಿಟ್ಟರು. ನಮ್ಮವರು ನನ್ನನ್ನು ಬದಿಗೆ ಕರೆದರು.

"ನಾಳೆ ಸೂಟಿ ಅಂತ ಹೇಳು. ನಿನ್ನ ಮಾತಾದ್ರ ಕೇಳ್ತಾರ."

"ಸಾಹೇಬ್ರನ್ನ ಕೇಳೀರೇನ್ರಿ?"

"ಕೇಳಿ ಯಾರು ಬೈಸ್ಕೋಬೇಕು? ಅವ್ರು ನಾಳೆ ಈ ಕಡಿ ಹಾಯೂದಿಲ್ಲ. ಹಾಜರಿ ನಾ ಹಾಕ್ತೀನಿ, ಹೋಗು ನೀ."

ಅವರು ಹೇಳಿದ್ದು ಅಷ್ಟೇ. ಉಳಿದದ್ದು ನನ್ನದು. ನೀರಿನ ತೊಟ್ಟಿಯ ಹತ್ತಿರ ಕಾಶವ್ವನೊಬ್ಬಳನ್ನೇ ಕರೆದು ಹೇಳಿದೆ — "ಸಾಹೇಬ್ರು ತಮ್ಮ ಬಾಯಿಲೇ ಹೇಳ್ಯಾರ. ನಾಳೆ ಸೂಟಿ, ಕೂಲಿನೂ ಕೊಡ್ತಾರಂತ. ಇಲ್ಲೇ ಚರಗ ಚೆಲ್ರಿ ಅಂದಾರ. ಭೂಮ್ತಾಯಿ ಆಣಿ." ಆಣೆ ಮಾಡು ಎಂದು ಅವಳು ಕೇಳಿರಲಿಲ್ಲ. ನಾನೇ ಬಗ್ಗಿ ನೆಲ ಮುಟ್ಟಿದೆ.

ಯಾಕೆ ಅಂದರೆ... ತೋಟ ಮಾರಿದ ಮೇಲೆ ಅಲ್ಲಿ ಏಳುವ ಕಟ್ಟಡಕ್ಕೆ ನಮ್ಮವರನ್ನು ಕಾವಲಿಗೆ ಇಡಿಸುತ್ತೇನೆಂದು ಸಾಹೇಬರು ಮಾತು ಕೊಟ್ಟಿದ್ದರು. ಒಳಗೇ ನಲ್ಲಿ ಇರುವ ಒಂದು ಕೋಣೆ ಸಿಗುವುದಿತ್ತು. ಆ ನಲ್ಲಿ ನನ್ನ ಕಣ್ಣಲ್ಲಿ ಕೂತಿತ್ತು. ಲಾರಿ ತುಂಬದೆ ಹೋದರೆ ಅದು ತಪ್ಪುತ್ತದೆಂದು ತೋರಿತು.

ಕಾಶವ್ವ ಟೊಮೆಟೊ ಸಾಲುಗಳ ನಡುವೆ ಓಡಿದಳು. "ಏಳ್ರೇ! ಪಗಾರಿ ಸೂಟಿ! ಸಾಹೇಬನ ಹೊಟ್ಟಿ ತಣ್ಣಗಿರಲಿ, ಏಳ್ರಿ!" ಎಲ್ಲರೂ ಆ ಸುದ್ದಿ ಕೇಳಿದ್ದು ಅವಳ ಬಾಯಿಂದ. ನನ್ನ ಬಾಯಿಂದ ಕೇಳಿದವಳು ಅವಳೊಬ್ಬಳೇ. ಕತ್ತಲಾಗುವ ಮೊದಲು ಲಾರಿ ತುಂಬಿತು.

ಮರುದಿನ ಅವರು ಜೋಳದ ದಂಟಿನ ಸಣ್ಣ ಕೊಂಪೆ ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು ಇಟ್ಟು, ಕೈ ಮುಗಿದು ನಿಂತಿದ್ದರು. ಆಗ ಗೇಟಿನಲ್ಲಿ ಒಂದು ಬಿಳಿ ಕಾರು, ಹಿಂದೆಯೇ ಸಾಹೇಬರ ಜೀಪು. ಭೂಮಿ ಕೊಳ್ಳುವವರನ್ನು ಕರೆದುಕೊಂಡು ಬಂದಿದ್ದರು — ತೋಟ ಖಾಲಿ ಮಾಡಿಸಿದ್ದು ಅದಕ್ಕೆ. ಕಾರಿನಿಂದ ಇಳಿದವನೊಬ್ಬ ಬಿಳಿ ಕಲ್ಲು, ಕುಂಕುಮ, ಸೇರಿದ ಜನ ಎಲ್ಲ ನೋಡಿದ. "ಯಹಾಂ ತೋ ಮಂದಿರ್ ಭೀ ಹೈ!" ಎಂದು ನಕ್ಕ. ಗುಡಿ ಇರುವ ಜಾಗ ತನಗೆ ಬೇಡ, ನಾಳೆ ಈ ಜನರ ಕೂಡ ಯಾರು ಜಗಳಾಡಬೇಕು ಅಂದು ಮತ್ತೆ ಕಾರು ಹತ್ತಿದ. ಸಂಜೆಗೆ ಎತ್ತಿಡುವ ಕಲ್ಲು ಅವು ಎಂದು ಅವನಿಗೆ ಹೇಳುವವರು ಯಾರು? ನಾನು ಹೇಳಬಹುದಿತ್ತು. ಬೇಲಿಯ ಹತ್ತಿರವೇ ಇದ್ದೆ.

ಕಾರು ಹೊರಟುಹೋಯಿತು. ಸಾಹೇಬರು ಜೀಪಿನ ಕಡೆ ತಿರುಗಿ ಕೈ ಬೀಸಿದರು. ಒಳಗಿನಿಂದ ಅವರ ಆಳುಗಳು ಇಳಿದರು. ಅವರ ಕೈಯಲ್ಲಿ ಏನೂ ಇರಲಿಲ್ಲ. ಟೊಮೆಟೊ ಗಿಡಕ್ಕೆ ಆಸರೆ ಕೊಟ್ಟಿದ್ದ ಬಿದಿರು ಕೋಲುಗಳನ್ನು ಕಿತ್ತುಕೊಂಡರು. ಗಿಡಗಳು ಕೋಲಿನ ಸಂಗಡ ಬೇರುಸಹಿತ ಬಂದವು.

ಮೊದಲ ಏಟು ಮಾಲಪ್ಪನಿಗೆ. ಕಿವಿಯ ಮೇಲೆ ಬಿತ್ತು, ಅವನು ನಿಂತಲ್ಲೇ ಪಕ್ಕಕ್ಕೆ ವಾಲಿದ. ಅಂಬಲಿಯ ಗಡಿಗೆ ಒಡೆಯಿತು. ಓಡಿದವರನ್ನು ಬದುವಿಗೆ ಅಡ್ಡಗಟ್ಟಿ ಬಡಿದರು. ಹೆಂಗಸರ ಬೆನ್ನು, ಮೊಣಕಾಲು, ಬಿದ್ದವರ ಹೊಟ್ಟೆ — ಕಂಡದ್ದಕ್ಕೆ ಹೊಡೆದರು. ಏಟಿನ ಸದ್ದು ಬಟ್ಟೆ ಒಗೆಯುವ ಕಲ್ಲಿನ ಸದ್ದಿನ ಹಾಗಿತ್ತು. ಒಬ್ಬ ಕೊಂಪೆಯನ್ನು ಒದ್ದು ಬೀಳಿಸಿ ಕಲ್ಲುಗಳ ಮೇಲೆ ಕಾಲೆತ್ತಿದ. ಕಾಶವ್ವ ಮಂಡಿಯೂರಿ ಕಲ್ಲಿನ ಮೇಲೆ ಬಲಗೈ ಹರವಿದಳು. "ದೇವರ್ರೀ, ತುಳೀಬ್ಯಾಡ್ರೀ!" ಅವನಿಗೆ ಕನ್ನಡ ತಿಳಿಯಲಿಲ್ಲ. ಕಾಲು ಇಳಿಸಿ, ಕೋಲಿನ ಬುಡದಿಂದ ಆ ಕೈಯನ್ನೇ ಕುಟ್ಟಿದ. ಅಡಿಯಲ್ಲಿ ಕಲ್ಲು. ಒಂದು ಸಲ, ಮತ್ತೊಂದು ಸಲ. ಸುಣ್ಣ ಕೆಂಪಾಯಿತು. ಅವಳ ಕೂಗು ಮನುಷ್ಯರದಾಗಿರಲಿಲ್ಲ.

"ಎವಡಿಚ್ಚಿಂಡ್ರಾ ಛುಟ್ಟಿ?" — ಯಾರು ಕೊಟ್ಟರು ಸೂಟಿ ಎಂದು ಸಾಹೇಬರು ಗರ್ಜಿಸಿದರು.

ಕಾಶವ್ವ ಎದ್ದಳು. ಜಜ್ಜಿದ ಕೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯನ್ನು ನನ್ನ ಕಡೆ ಮಾಡಿದಳು. "ಸಾಹೇಬ್ರು ಹೇಳ್ಯಾರ ಅಂತ ಅಕ್ಕಾರ ಹೇಳಿದ್ರು. ಹೇಳ್ರಿ ಅಕ್ಕಾರ... ನೀವಾ ಹೇಳ್ರಿ."

ನಮ್ಮವರು ನೆಲ ನೋಡುತ್ತಿದ್ದರು. ಸಾಹೇಬರು ನನ್ನನ್ನು ನೋಡುತ್ತಿದ್ದರು. ನಾನು ಬೇಲಿಯಿಂದ ಅವಳ ತನಕ ನಡೆದು ಹೋದೆ — ಅಷ್ಟು ದೂರ ನಡೆಯುವಾಗ ಮನಸ್ಸು ಬದಲಿಸಲು ಬೇಕಾದಷ್ಟು ಹೊತ್ತಿತ್ತು — ಹೋಗಿ ಕಪಾಳಕ್ಕೆ ಹೊಡೆದೆ. "ನಾ ಯಾವಾಗ ಹೇಳಿದ್ನಲೇ ನಿನಗ? ಕೆಲಸಾ ತಪ್ಪಸಾಕ ಹಬ್ಬದ ನೆವ ಮಾಡತಿ, ಮ್ಯಾಲ ನನ್ನ ಹೆಸರ ತಗೋತಿ?"

ಅವಳು ಅಳಲಿಲ್ಲ. ನನ್ನ ಕಡೆ ಮಾಡಿದ್ದ ಎಡಗೈ ಕೆಳಗಿಳಿಸಿದಳು. ಮಾಲಪ್ಪ ಕಿವಿಯ ರಕ್ತ ಒರೆಸಿಕೊಳ್ಳುತ್ತ ಹೆಂಡತಿಯ ಮುಖ ನೋಡಿದ, ನನ್ನ ಮುಖ ನೋಡಿದ. ನನ್ನನ್ನು ನಂಬಿದ.

ಆ ಮಧ್ಯಾಹ್ನವೇ ಗುಡಿಸಲು ಕಿತ್ತು ಹಾಕಿ ಎಲ್ಲರನ್ನೂ ಗೇಟಿನ ಹೊರಗೆ ತಳ್ಳಿದರು. ಆ ವಾರದ ಕೂಲಿಯನ್ನೂ ಕೊಡಲಿಲ್ಲ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಗಾಡಿ ಕಾಯುವಾಗ ಮಾಲಪ್ಪ ಅವಳನ್ನು ಕಾಲಿನಿಂದ ಒದ್ದನಂತೆ, ಉಳಿದವರು ಬಿಡಿಸಲಿಲ್ಲವಂತೆ. ಇಲ್ಲದ ಸೂಟಿ ಹೇಳಿ ಎಲ್ಲರನ್ನೂ ಹೊಡೆಸಿದವಳು ಅವಳೇ ಎಂದು ಅವರೆಲ್ಲ ನಂಬಿದ್ದರು. ಅವಳ ಬಲಗೈಯ ಬೆರಳುಗಳು ಮತ್ತೆ ಮಡಚಲಿಲ್ಲ ಎಂದು ತವರಿನವರು ಯಾರೋ ಹೇಳಿದರು. ನಾನು "ಅಯ್ಯೋ ಪಾಪ" ಅಂದೆ.

ತೋಟ ಬೇರೆಯವರಿಗೆ ಮಾರಾಟವಾಯಿತು. ನಮಗೆ ನಲ್ಲಿಯ ಕೋಣೆ ಸಿಕ್ಕಿತು. ಕೆಲವು ವರ್ಷಗಳಾದ ಮೇಲೆ ಕಾವಲಿಗೆ ಏಜೆನ್ಸಿಯ ಹುಡುಗರು ಬಂದರು, ನಾವು ಶಹರದ ಆಚೆ ತುದಿಯ ನಾಚಾರಂಗೆ ಬಂದೆವು. ನಾನು ಅಲ್ಲಿ ಒಂದು ಉಪ್ಪಿನಕಾಯಿ ಕಾರ್ಖಾನೆಗೆ ಸೇರಿದೆ. ಮೊದಲ ಭಾನುವಾರ ಮನೆಯಲ್ಲೇ ಇದ್ದೆ. ಆ ದಿನದ ಕೂಲಿಯೂ ಬಂತು. ಯಾಕೆಂದು ಕೇಳಿದರೆ ನಮ್ಮ ಕಡೆಯವಳೇ ಆದ ಮೇಲ್ವಿಚಾರಕಿ, "ವಾರದ ಸೂಟಿ, ಕಾನೂನು ಐತಲ್ಲ. ಹೊಲದಾಗ ಕೂಲಿ ಮಾಡೋರಿಗೂ ಐತಿ, ಅಲ್ಲಿ ಯಾರು ಕೊಡ್ತಾರ" ಅಂದಳು. ಅಂದರೆ ಕಾಶವ್ವ ಕೇಳಿದ್ದು ತಮಾಷೆಯಲ್ಲ, ಭಿಕ್ಷೆಯೂ ಅಲ್ಲ. ಅವಳದೇ ಆದದ್ದನ್ನು ನಾನು ಸುಳ್ಳು ಮಾಡಿ ಹಂಚಿದ್ದೆ... ಅದು ತಿಳಿದ ಮೇಲೂ ಎಷ್ಟೋ ಭಾನುವಾರ ಸುಮ್ಮನೆ ಕೂತೆ.

ಕಳೆದ ತಿಂಗಳು ಊರಿಗೆ ಹೋಗಲು ಲಿಂಗಂಪಲ್ಲಿಯಲ್ಲಿ ಕಾಯುತ್ತಿದ್ದೆ. ಕಟ್ಟಡ ಕೆಲಸದ ಜನ, ನಮ್ಮ ಕಡೆಯವರೇ, ಗಂಟುಮೂಟೆಯೊಂದಿಗೆ ಕೂತಿದ್ದರು. ಒಬ್ಬ ಹುಡುಗಿ ಕೂಗಿದಳು: "ಏ ಸೂಟಿ ಕಾಶವ್ವಾ, ಏಳ, ಗಾಡಿ ಬರಾಕತ್ತೈತಿ! ಇವತ್ತೂ ಪಗಾರಿ ಸೂಟಿ ಕೊಟ್ಟಾರೇನು ನಿನಗ?" ಎಲ್ಲರೂ ನಕ್ಕರು. ಗೋಡೆಗೆ ಒರಗಿದ್ದ ಹೆಂಗಸು ಆ ಹೆಸರಿಗೆ ಓಗೊಟ್ಟು ಎದ್ದಳು. ಎಡಗೈಯಿಂದ ಗಂಟು ಎತ್ತಿದಳು.

ಹತ್ತಿರ ಹೋದೆ. ಗುರುತು ಹಿಡಿದಳು. "ಅಕ್ಕಾರಾ... ಆರಾಮ ಅದೀರೇನ್ರಿ?" ಅಂದಳು. ಆ 'ರಿ' ಇನ್ನೂ ಬಿಟ್ಟಿರಲಿಲ್ಲ.

ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಸೂಟಿ ಅಂತ ಹೇಳಿದಾಕಿ ನಾನು. ಭೂಮ್ತಾಯಿ ಮುಟ್ಟಿ ಹೇಳಿದ್ದೆ. ಈಕಿ ಸುಳ್ಳು ಹೇಳಿಲ್ಲ. ಸುಳ್ಳು ನಂದು."

ನಗು ನಿಂತಿತು. ಕಾಶವ್ವ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು.

"ಇವ್ರಿಗ್ಯಾಕ ಹೇಳ್ತೀರಿ ಅಕ್ಕಾರ? ಇವ್ರು ನಗಾಕ ಒಂದು ಹೆಸರ ಇಟಗೊಂಡಾರ, ಅಷ್ಟ. ಮಾಲಪ್ಪ ಇದ್ದಾಗ ಹೇಳಬೇಕಿತ್ತು. ನಾ ಏನ ಹೇಳಿದ್ರೂ 'ಖರೇ ಹೇಳ್ತೀಯೋ, ಸೂಟಿ ಹೇಳ್ತೀಯೋ' ಅಂತಿದ್ದ. ಸಾಯೂತನಕ ಅಂದ. ಹೋಗ್ರಿ, ಅವಂಗ ಹೇಳ್ರಿ."

ಗಾಡಿ ಬಂತು. ಹತ್ತಿದಳು. ತಿರುಗಿ ನೋಡಲಿಲ್ಲ.

ಮಾಲಪ್ಪನ ಅಣ್ಣತಮ್ಮಂದಿರು ಊರಲ್ಲಿದ್ದಾರೆ. ಅಂದು ಏಟು ತಿಂದವರಲ್ಲಿ ಬದುಕಿರುವವರೂ ಇದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳುತ್ತೇನೆ, ಹೊಡೆದರೆ ಹೊಡೆಸಿಕೊಳ್ಳುತ್ತೇನೆ. ಅದರಿಂದ ಅವಳಿಗೆ ಏನೂ ಮರಳಿ ಬರುವುದಿಲ್ಲ, ಗೊತ್ತು.

ಒಂದು ಮಾತು ಸ್ಟೇಷನ್ನಿನಲ್ಲಿ ಅವಳಿಗೂ ಹೇಳಲಾಗಲಿಲ್ಲ. ಅವರನ್ನು ಹೊರದೂಡಿದ ಮೇಲೆ ನಾನು ಕೊಂಪೆ ಬಿದ್ದಲ್ಲಿಗೆ ಹೋದೆ. ಅವಳ ರೊಟ್ಟಿಯ ಬುಟ್ಟಿ ಹಾಗೇ ಇತ್ತು. ಭಜ್ಜಿಯ ಪಾತ್ರೆ ವಾಲಿತ್ತು, ಅರ್ಧ ಉಳಿದಿತ್ತು. ತಂದು ಬಿಸಿ ಮಾಡಿದೆ. ಸಂಜೆ ನಾವಿಬ್ಬರೂ ಅದನ್ನೇ ಉಂಡೆವು. ಹುಣಸೆಹಣ್ಣು ಹದವಾಗಿ ಬಿದ್ದಿತ್ತು, ರುಚಿಯಾಗಿತ್ತು. ನಾನು ಇನ್ನೊಂದು ರೊಟ್ಟಿ ಹಾಕಿಕೊಂಡೆ. ನಮ್ಮವರು ಅರ್ಧಕ್ಕೇ ಕೈ ತೊಳೆದು, ಹೊರಸಿನ ಮೇಲೆ ಮಗ್ಗಲು ಬದಲಿಸುತ್ತ ಬಿದ್ದಿದ್ದರು. ಮೊದಲು ನಿದ್ದೆ ಹೋದವಳು ನಾನು.